ನಾಲ್ಕನೇ ಹೊಂಡದ ಕಷಾಯದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ನೀಲಿ ತಾಡಪಾಲಿನ ಮೇಲೆ ಹನ್ನೆರಡು ಕಿಲೋ ಸಿಗಡಿ ಮೇವು ಹರಡಿದೆ. ಅದನ್ನು ಕಲಸಿದಾಕೆಯ ಎರಡೂ ಕೈ ಮೊಣಕೈವರೆಗೆ ಹಳದಿ. ಆಕೆ ಮೇವಿನ ಒಂದೇ ಒಂದು ಕಾಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಲೋಟವನ್ನು ಬಲ್ಬಿನ ಕೆಳಗೆ ಹಿಡಿಯುತ್ತಾರೆ. ಕಾಲು ತಾಸು ಕಾಯುತ್ತಾರೆ. ನೀರು ತಿಳಿಯಾಗಿಯೇ ಉಳಿಯುತ್ತದೆ.

"ಹೂಂ, ಹಿಡ್ಕೊಂಡಿದೆ. ಈಗ ತಗೊಂಡೋಗಿ ಹಾಕ್ಬೋದು."

ಈ ಸಿಗಡಿ ಸಾಕಣೆ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಮೇವು ಕಲಸುವುದು ಇವರ ಕೆಲಸ. ಎಲ್ಲರ ಬಾಯಲ್ಲೂ ಇವರು 'ಕಷಾಯದಕ್ಕ'. ಬೆಳ್ಳುಳ್ಳಿ, ಅರಿಶಿನ ಮತ್ತು ಸೀಬೆ ಎಲೆಯ ಪುಡಿ ಬೆರೆಸಿದ ಇವರ ಮೇವು ಹೋಗುವುದು ನಾಲ್ಕನೇ ಹೊಂಡಕ್ಕೆ ಮಾತ್ರ. ಪಕ್ಕದ ಮೂರನೆಯದಕ್ಕೆ ಬರಿಯ ಮೇವು.

ಇವತ್ತಿನ ಬೆಳಗು ಎಂದಿನಂತಲ್ಲ. ಬದುವಿನಾಚೆಯ ಇನ್ನೊಬ್ಬರ ಹೊಂಡದಲ್ಲಿ ಹತ್ತು ದಿನದ ಹಿಂದೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಂಡು, ನಾಲ್ಕೇ ದಿನದಲ್ಲಿ ಹೊಂಡಕ್ಕೆ ಹೊಂಡವೇ ಸತ್ತುಹೋಗಿದೆ. ಕಾಯಿಲೆ ಬೀಳುವ ಸಿಗಡಿ ಮೊದಲು ಬಿಡುವುದು ಊಟ. ಅದಕ್ಕೇ ಯಜಮಾನರು ತೀರ್ಮಾನಿಸಿದ್ದಾರೆ: ಯಾವ ಹೊಂಡ ಇವತ್ತು ಮೇವು ಬಿಡುತ್ತದೋ ಆ ಹೊಂಡಕ್ಕೆ ಇವತ್ತೇ ಬಲೆ, ಸಾಯುವ ಮೊದಲೇ ಹಿಡಿದು ಮಾರಿಬಿಡುವುದು. ಎಪ್ಪತ್ತು ದಿನದ ಸಿಗಡಿ, ಇನ್ನೂ ಬೆಳೆಯಬೇಕು. ಆದರೆ ಕಾಯುವ ಧೈರ್ಯ ಅವರಿಗಿಲ್ಲ.

ಸಿಗಡಿಗೆ ನಮ್ಮ ಮಕ್ಕಳಿಗೆ ಕೊಡುವಂಥ ಲಸಿಕೆ ಕೊಡಲಾಗದು, ಒಮ್ಮೆ ಬಂದ ರೋಗವನ್ನು ಅದರ ಮೈ ನಮ್ಮ ಮೈಯಂತೆ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಇಲ್ಲಿಗೆ ಬರುವ ಮೀನು ಡಾಕ್ಟರು ಹೇಳುತ್ತಾರೆ. ಅದಕ್ಕಿರುವುದು ಆ ಹೊತ್ತಿನ ಮೈಬಲವೊಂದೇ. ಆ ಬಲಕ್ಕೇ ಈ ಬೆಳ್ಳುಳ್ಳಿ.

"ಔಷಧಿ ಅಂತ ಮಾತ್ರ ಬರೀಬೇಡಿ," ಎಂದು ವರದಿಗೆ ಬಂದ ನನ್ನನ್ನು ಅಕ್ಕ ಎರಡು ಸಲ ಎಚ್ಚರಿಸುತ್ತಾರೆ. "ರೋಗ ಬಂದ್ಮೇಲೆ ಇದ್ರಿಂದ ಏನೂ ಆಗಲ್ಲ. ಬರೋಕೆ ಮುಂಚೆ ಮೈಯಲ್ಲಿ ಒಂಚೂರು ಕಸುವು ಇರ್ಲಿ ಅಂತ, ಅಷ್ಟೇ."

ಅಡ್ಡಹೆಸರು ಬಂದದ್ದು ಒಂದು ತಪ್ಪಿನಿಂದ. ಮೊದಲು ಇವರು ಎಲ್ಲವನ್ನೂ ಕುದಿಸಿ, ಸೋಸಿ, ಮೇವಿನ ಮೇಲೆ ಚಿಮುಕಿಸುತ್ತಿದ್ದರು, ಮನೆಯಲ್ಲಿ ಕೆಮ್ಮಿಗೆ ಮಾಡುವ ಹಾಗೆ. ಹೀಗೇ ಸಿಗಡಿಯ ಮೂರು ಬೆಳೆ ಕಳೆದವು. ಒಂದು ದಿನ ಕೈಜಾರಿ ಹಿಡಿ ಮೇವು ನೀರಿನ ಬಕೆಟ್ಟಿಗೆ ಬಿತ್ತು. ನೋಡನೋಡುತ್ತಿದ್ದಂತೆ ನೀರೆಲ್ಲ ಹಳದಿ.

"ಅಯ್ಯೋ, ಮೂರು ಬೆಳೆ ನಾನು ಕಷಾಯ ಕುಡಿಸಿದ್ದು ಹೊಂಡಕ್ಕೆ, ಸಿಗಡಿಗಲ್ಲ!" ಅಕ್ಕ ಈಗ ಬಿದ್ದುಬಿದ್ದು ನಗುತ್ತಾರೆ. ಅವತ್ತು ನಗಲಿಲ್ಲವಂತೆ. ಬಕೆಟ್ಟನ್ನೇ ಎತ್ತಿಕೊಂಡು ಹೋಗಿ ಯಜಮಾನರ ಮುಂದಿಟ್ಟರು. ಇಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಎಣ್ಣೆ ಸವರಿದರು, ಗಂಜಿ ಸವರಿದರು. ಕೊನೆಗೆ ಹಿಡಿದುಕೊಂಡದ್ದು ಮೊಟ್ಟೆಯ ಬಿಳಿ. ಬೆಳ್ಳುಳ್ಳಿಯನ್ನು ಕುದಿಸುವುದನ್ನೂ ಬಿಟ್ಟರು. ಈಗ ಜಜ್ಜಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಹಸಿಯಾಗಿಯೇ ಬೆರೆಸಿ, ನೆರಳಲ್ಲಿ ಆರಿಸುತ್ತಾರೆ. ಕಿಲೋ ಮೇವಿಗೆ ಹತ್ತು ಗ್ರಾಂ ಬೆಳ್ಳುಳ್ಳಿ, ಐದು ಗ್ರಾಂ ಅರಿಶಿನ, ಅಷ್ಟೇ ಸೀಬೆ ಎಲೆಯ ಪುಡಿ, ಒಂದು ಮೊಟ್ಟೆಯ ಬಿಳಿ. ಎರಡು ಹೊತ್ತಿಗೆ ಇಪ್ಪತ್ತನಾಲ್ಕು ಮೊಟ್ಟೆ ಒಡೆಯುತ್ತಾರೆ. ಹಳದಿ ಭಾಗ ಮನೆಗೆ ಹೋಗುತ್ತದೆ.

ಶೆಡ್ಡಿನ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತ ಅಕ್ಕನ ಅತ್ತೆ ಕುಟುಕುತ್ತಾರೆ: "ಬಿಳೀದೆಲ್ಲ ಸಿಗಡಿಗೆ, ಹಳದಿಯೆಲ್ಲ ಅತ್ತೆಗೆ. ನನಗೆ ಕೆಮ್ಮು ಬಂದ್ರೆ ಅಂಗಡಿ ಮಾತ್ರೆ, ಅವಕ್ಕೆ ಬೆಳ್ಳುಳ್ಳಿ. ಮುಂದಿನ ಜನ್ಮದಲ್ಲಿ ನಾನೂ ನಾಲ್ಕನೇ ಹೊಂಡದಲ್ಲೇ ಹುಟ್ತೀನಿ."

"ಹುಟ್ಟಿ ಅತ್ತೆ, ನಿಮಗೇ ಅಂತ ಎರಡು ಎಸಳು ಜಾಸ್ತಿ ಹಾಕ್ತೀನಿ."

ಈ ಬೆಳೆಗೆ ಯಜಮಾನರು ಮೂರು, ನಾಲ್ಕು ಎರಡೂ ಹೊಂಡಕ್ಕೆ ಬೆರೆಸಿದ ಮೇವನ್ನೇ ಹಾಕಲು ಹೇಳಿದ್ದರು. ಬೇಡವೆಂದು ಹಟ ಹಿಡಿದವರು ಅಕ್ಕನೇ. "ಎರಡಕ್ಕೂ ಹಾಕ್ಬಿಟ್ರೆ ಯಾವುದರಿಂದ ಚೆನ್ನಾಗಾಯ್ತು ಅಂತ ಗೊತ್ತಾಗೋದು ಹೇಗೆ?" ಏಳನೇ ತರಗತಿಗೆ ಶಾಲೆ ಬಿಟ್ಟವರ ಈ ಪ್ರಶ್ನೆಯನ್ನು ನಾನು ಹಾಗೆಯೇ ಬರೆದುಕೊಳ್ಳುತ್ತೇನೆ.

ಎಂಟು ಗಂಟೆ. ಮೇವು ಎರಚುವಾಗ ಒಂದಿಷ್ಟನ್ನು ಜಾಲರಿಯ ಟ್ರೇಯಲ್ಲಿಟ್ಟು ತಳಕ್ಕೆ ಇಳಿಸಿರುತ್ತಾರೆ. ಎರಡು ತಾಸಿನ ನಂತರ ಎತ್ತಿ, ಎಷ್ಟು ಉಳಿದಿದೆ ನೋಡುತ್ತಾರೆ. ಮೂರನೇ ಹೊಂಡದ ಟ್ರೇ ಮೇಲೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮೇವು ಹಾಗೇ ಇದೆ. ಅಕ್ಕ ಒಂದು ಸಿಗಡಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಗಾಜಿನಂಥ ಬೆನ್ನಿನೊಳಗಿನ ಕರುಳಿನ ಗೆರೆ ಅಲ್ಲಲ್ಲಿ ತುಂಡಾಗಿದೆ. ಚುಕ್ಕೆಯೇನೂ ಇಲ್ಲ. ಆದರೆ ಹೊಟ್ಟೆ ಖಾಲಿ.

ಆಮೇಲೆ ನಾಲ್ಕರ ಟ್ರೇ ಎತ್ತುತ್ತಾರೆ. ಟ್ರೇ ಬರಿದು, ಒಂದು ಕಾಳೂ ಇಲ್ಲ. ಹತ್ತಾರು ಸಿಗಡಿ ಚಿಮ್ಮಿ ನೀರಿಗೆ ಹಾರುತ್ತವೆ. ಕೈಗೆ ಸಿಕ್ಕಿದ್ದರ ಬೆನ್ನೊಳಗೆ ತಲೆಯಿಂದ ಬಾಲದವರೆಗೆ ಒಂದೇ ಎಳೆಯ ಕಪ್ಪು ಗೆರೆ.

"ಮೂರಕ್ಕೆ ಬಲೆ ಹಾಕ್ಸಿ, ನಾಲ್ಕು ಇರ್ಲಿ," ಎಂದು ಕೂಗಿದ ಯಜಮಾನರು ಅಕ್ಕನತ್ತ ತಿರುಗುತ್ತಾರೆ. "ಗೆದ್ದುಬಿಟ್ರಲ್ಲ ಅಕ್ಕಾ!"

ಅಕ್ಕ ನೋಡುತ್ತಿರುವುದು ಮೂರನ್ನು. "ಪಾಪ, ಅವು ಏನು ತಪ್ಪು ಮಾಡಿದ್ವು," ಎನ್ನುತ್ತಾರೆ. ಆಮೇಲೆ, "ಗೆದ್ದೆ ಅನ್ಬೇಡಿ ಅಣ್ಣ. ಮೂರರ ತಳದ ಮಣ್ಣೇ ಸರಿಯಿಲ್ಲದೆ ಇದ್ರೆ? ಮುಂದಿನ ಬೆಳೆಗೆ ಅದಲು ಬದಲು ಮಾಡೋಣ. ಬೆಳ್ಳುಳ್ಳಿ ಮೂರಕ್ಕೆ, ನಾಲ್ಕಕ್ಕೆ ಬರೀ ಮೇವು. ಇದೊಂದು ನಡೆಸಿಕೊಡಿ."

"ನಾಲ್ಕು ನಿಮ್ಮ ಮಗು ಇದ್ದ ಹಾಗೆ. ಅದನ್ನ ಬಿಟ್ಟಿರ್ತೀರಾ?"

"ಅದಕ್ಕೇ ಬಿಡ್ಬೇಕು. ಈ ಸಲ ನನ್ನ ಕಣ್ಣು ನಾಲ್ಕರ ಮೇಲೇ ಇತ್ತು. ಕಾಪಾಡಿದ್ದು ಬೆಳ್ಳುಳ್ಳೀನೋ ಕಣ್ಣೋ ಯಾರಿಗೆ ಗೊತ್ತು? ಆಗ್ಲೂ ಬೆಳ್ಳುಳ್ಳಿ ತಿಂದ ಹೊಂಡಾನೇ ಉಳಿದ್ರೆ, ಆಮೇಲೆ ನಾನೂ ನಂಬ್ತೀನಿ."