ಹೊಟ್ಟೆಯ ಲೆಕ್ಕ ಬಿಟ್ಟುಹೋದ ಮಾವೇಲಿ

ಕೇರಳದ ತ್ರಿಪ್ಪೂಣಿತ್ತುರದ ಆ ಫ್ಲಾಟಿನ ನೆಲಮಾಳಿಗೆಯಲ್ಲಿ ದಿನಕರನಿಗೂ ಕಾರು ನಿಲ್ಲಿಸುವ ಜಾಗವಿತ್ತು; ಕಾರು ಮಾತ್ರ ಇರಲಿಲ್ಲ. ಆ ಜಾಗದಲ್ಲಿ ಅವನು ರೋಬೋಗಳನ್ನು ಕಟ್ಟುತ್ತಿದ್ದ. ಪುತ್ತೂರು ಕಡೆಯವನು, ಕೇಂದ್ರ ಸರಕಾರದ ಆಡಿಟ್ ಕಚೇರಿಯಲ್ಲಿ ಕೆಲಸ. ವಾರವೆಲ್ಲ ತಿರುವನಂತಪುರದಲ್ಲಿ ಕೂತು ಊರವರ ತಪ್ಪು ಲೆಕ್ಕ ಹಿಡಿಯುವುದು, ಶುಕ್ರವಾರ ಸಂಜೆಯ ರೈಲಿಗೆ ಮನೆಗೆ ಬಂದು ಶನಿವಾರದಿಂದ ಸ್ವಂತ ತಪ್ಪು ಲೆಕ್ಕ ಮಾಡುವುದು, ಇದು ಅವನ ಜೀವನಕ್ರಮ.

ಚಿಕ್ಕದನ್ನು ಮಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬೇರೆಯವರು ಅಂಗೈ ಮೇಲೆ ಓಡುವ ರೋಬೋ ಮಾಡಿದರೆ ಇವನು ಮಾಡಿದ್ದು ಬಟ್ಟೆ ಒಣಗಿಸುವ ಏಡಿ. ಅದು ಬಾಲ್ಕನಿಯಲ್ಲಿ ಒಮ್ಮೆ ಕೈ ಚಾಚಿದರೆ ಪಕ್ಕದ ಮೂರು ಮನೆಗಳ ಲುಂಗಿಯೂ ಇವರ ಮನೆಗೇ ಬರುತ್ತಿತ್ತು. ಹೆಂಡತಿ ಕುಸುಮಾವತಿ ಅವುಗಳನ್ನು ಮಡಚಿ ಮನೆಮನೆಗೆ ಮುಟ್ಟಿಸಿಯೇ ಇಡೀ ಫ್ಲಾಟಿನ ಪರಿಚಯ ಮಾಡಿಕೊಂಡಿದ್ದಳು.

ಹೀಗಿರುವಾಗ ಫ್ಲಾಟಿಗೆಲ್ಲ ಚೇಟ್ಟ, ಅಂದರೆ ಅಣ್ಣ, ಆದ ಜೋಸೆಫನ ಮೊಣಕಾಲು ಕೈಕೊಟ್ಟಿತು.

ಓಣಂ ದಿನ ಪಾತಾಳದಿಂದ ಪ್ರಜೆಗಳನ್ನು ನೋಡಲು ಬರುವ ಬಲಿ ಚಕ್ರವರ್ತಿ ಇಲ್ಲಿಯವರ ಬಾಯಲ್ಲಿ ಮಾವೇಲಿ. ಕಿರೀಟ, ಓಲೆಗರಿಯ ಕೊಡೆ, ದೊಡ್ಡ ಹೊಟ್ಟೆ ಇದ್ದರೆ ಮಾವೇಲಿ. ಆ ಫ್ಲಾಟಿನಲ್ಲಿ ವರ್ಷಾನುಗಟ್ಟಲೆ ಈ ವೇಷ ಜೋಸೆಫನದೇ. ಕಿರೀಟ ಅಸೋಸಿಯೇಷನ್ನಿನದು, ಹೊಟ್ಟೆ ಸ್ವಂತದ್ದು. ಲಿಫ್ಟಿನ ಬಾಗಿಲು ತೆರೆದರೆ ಮೊದಲು ಹೊಟ್ಟೆ ಬರುತ್ತಿತ್ತು, ಅದನ್ನು ಕಂಡವರು ಕೈಮುಗಿದು ಮುಗಿಸುವ ಹೊತ್ತಿಗೆ ಹಿಂದಿನಿಂದ ಜೋಸೆಫ್ ಬರುತ್ತಿದ್ದ. ಈ ಸಲ ಡಾಕ್ಟರರು ಕುರ್ಚಿ ಬಿಟ್ಟು ಏಳಬೇಡಿ ಎಂದರು.

ಮೀಟಿಂಗಿನಲ್ಲಿ ದಿನಕರ ಎದ್ದು ನಿಂತ. "ನಿಮ್ಮ ಮೊಣಕಾಲಿನ ಕೆಲಸ ನನ್ನ ಮೋಟಾರು ಮಾಡ್ತದೆ ಚೇಟ್ಟಾ. ಕಿರೀಟ ನನಗೆ ಕೊಡಿ."

ಜೋಸೆಫ್ ಹೆತ್ತ ಮಗಳನ್ನು ಧಾರೆ ಎರೆಯುವವನಂತೆ ಕಿರೀಟ ಒಪ್ಪಿಸಿದ. "ಕೊಡ್ತೇನೆ ಸಾರೇ. ಆದರೆ ಪೂಕಳದ ಹತ್ತಿರ, ಎಲ್ಲರ ಕಣ್ಣೆದುರು ಬಂದು ನಿಲ್ಲಬೇಕು. ಅದು ನನ್ನ ಮಾನ."

ಹೂವಿನ ರಂಗೋಲಿಯಾದ ಆ ಪೂಕಳ ಇರುವುದು ಮೇಲಿನ ಅಂಗಳದಲ್ಲಿ. ಮಾವೇಲಿ ರೋಬೋ ತಯಾರಾಗುವುದು ನೆಲಮಾಳಿಗೆಯಲ್ಲಿ. ಕಬ್ಬಿಣದ ಆ ದೇಹಕ್ಕೆ ಲಿಫ್ಟು ಸಾಲದು; ಉಳಿದ ಒಂದೇ ದಾರಿ, ಕಾರು ಹತ್ತುವ ಇಳಿಜಾರು. ಅದು ಎಷ್ಟು ಕಡಿದಾಗಿತ್ತೆಂದರೆ ಕೆಳಗಿಂದ ಹೊಸದಾಗಿ ಹೊರಟ ಕಾರು ಮೇಲೆ ಮುಟ್ಟುವಾಗ ಸೆಕೆಂಡ್ ಹ್ಯಾಂಡ್ ಆಗಿರುತ್ತಿತ್ತು.

ಮೊದಲ ಮೋಟಾರುಗಳನ್ನು ದಿನಕರ ತಿರುವನಂತಪುರದ ಚಾಲ ಮಾರುಕಟ್ಟೆಯಿಂದ ತಂದ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಕೇಳಿದನೇ ಹೊರತು ಎಷ್ಟು ಭಾರ ತಳ್ಳುತ್ತದೆ ಎಂದು ಕೇಳಲಿಲ್ಲ. ಮುಂಡು ಪಂಚೆಯ ಅಡಿಯಲ್ಲಿ ಚಕ್ರ ಅಡಗಿಸಿಕೊಂಡ ಮಾವೇಲಿ ಸಮತಟ್ಟಿನಲ್ಲಿ ಬಾಣದಂತೆ ಓಡಿ ಗೋಡೆಗೆ ಗುದ್ದಿತು. ಇಳಿಜಾರಿನ ಬುಡದಲ್ಲಿ ಮಾತ್ರ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತ ನಿಂತಿತು.

"ನೀವು ತಂದದ್ದು ಮಿಕ್ಸಿ," ಎಂದಳು ಕುಸುಮಾವತಿ. "ಓಟ ಉಂಟು, ಬಲ ಇಲ್ಲ. ಉದ್ದಿನ ಹಿಟ್ಟು ಕಡೀಲಿಕ್ಕೆ ಗ್ರೈಂಡರ್ ಬೇಕು ಮಾರಾಯ್ರೆ."

"ಅದಕ್ಕೆ ಟಾರ್ಕ್ ಅಂತಾರೆ."

"ಎಂತದಾದ್ರೂ ಅನ್ನಲಿ. ನಾಳೆ ಇಡ್ಲಿಗೆ ಅದೇ ಬೇಕು."

ಎರಡನೆಯ ಜೋಡಿ ಆನ್‌ಲೈನಿನಲ್ಲಿ ಬಂತು. ನಡುವಿನ ಹಲ್ಲುಚಕ್ರವನ್ನು ಗ್ರಹಗಳಂತೆ ಮರಿಚಕ್ರಗಳು ಸುತ್ತುವ ಗೇರು. ಓಟ ಕಡಿಮೆ, ಬಲ ಜಾಸ್ತಿ. ಮಾವೇಲಿ ಅರ್ಧ ಇಳಿಜಾರು ಹತ್ತಿತು. ಮೂಗಿನ ಮೇಲಿನ ಬೆವರು ಒರೆಸಲು ದಿನಕರ ರಿಮೋಟಿನಿಂದ ಬೆರಳು ತೆಗೆದದ್ದೇ ತಡ, ಚಕ್ರವರ್ತಿ ಮುಗುಳ್ನಗುತ್ತ ಹಿಮ್ಮುಖವಾಗಿ ಅವನನ್ನು ಅಟ್ಟಿಸಿಕೊಂಡು ಬಂದ. ಅವತ್ತು ದಿನಕರ ಓಡಿದ ವೇಗಕ್ಕೆ ಯಾವ ಅಂಗಡಿಯಲ್ಲೂ ಮೋಟಾರಿಲ್ಲ.

ಅಂಗಡಿಯಿಂದ ಅಂಗಡಿಗೆ ಅಲೆದು, ಕೋಪ ತಲೆಗೇರಿ, ಕೊನೆಗೆ ಎರ್ನಾಕುಳದಲ್ಲಿ ವರ್ಮ್ ಗೇರಿನ ಮೋಟಾರು ಹಿಡಿದ. ತಿರುಪಿನಂಥ ದಂಡವೊಂದು ಹಲ್ಲುಚಕ್ರವನ್ನು ತಿರುಗಿಸುತ್ತದೆ. ಚಕ್ರವನ್ನು ಹಿಡಿದು ದಂಡವನ್ನು ತಿರುಗಿಸಲು ಮಾತ್ರ ಬ್ರಹ್ಮನಿಂದಲೂ ಆಗದು. ಕರೆಂಟು ನಿಂತರೆ ನಿಂತಲ್ಲೇ ಬೇರು ಬಿಡುತ್ತದೆ.

ಲೆಕ್ಕಕ್ಕೆ ಬಂದ ಬಲದ ಎರಡರಷ್ಟು ಇರುವ ಮೋಟಾರು ತೆಗೆದುಕೊಳ್ಳಬೇಕೆಂದು ಅವನು ಓದಿದ್ದ. ಆದರೆ ಆಡಿಟ್ ಮನುಷ್ಯ! ಬೇಕಾದದ್ದಕ್ಕಿಂತ ಒಂದು ಪೆನ್ಸಿಲ್ ಹೆಚ್ಚು ಕೊಂಡವರ ಮೇಲೂ ಆಕ್ಷೇಪ ಬರೆದು ಕೂದಲು ನರೆತವನು. ಕಬ್ಬಿಣದ ಚೌಕಟ್ಟು, ಬ್ಯಾಟರಿ, ಕೊಡೆ, ಕಿರೀಟ ಎಲ್ಲ ತೂಗಿ, ಅಷ್ಟಕ್ಕೇ ಸಾಲುವ ಮೋಟಾರು ತಂದ. ಹೊಟ್ಟೆಯನ್ನು ತೂಗಲೇ ಇಲ್ಲ. ಅವನ ಊರಲ್ಲಿ ಬಲೀಂದ್ರನೆಂದರೆ ದೀಪಾವಳಿಗೆ ಅಂಗಳದಲ್ಲಿ ನೆಡುವ ಹಾಲೆಮರದ ಕಂಬ. ಕಂಬಕ್ಕೆಲ್ಲಿಯ ಹೊಟ್ಟೆ? ಇಲ್ಲಿಯವರ ಸಮಾಧಾನಕ್ಕೆಂದು ಒಂದು ಬಿದಿರಿನ ಬುಟ್ಟಿ ಕಟ್ಟಿ, ಮೇಲೆ ಬಟ್ಟೆ ಹೊದೆಸಿ, ಬ್ಯಾಟರಿ ನೋಡಲು ಪುಟ್ಟ ಬಾಗಿಲು ಇಟ್ಟಿದ್ದ, ಅಷ್ಟೆ.

ಓಣಂ ಹಿಂದಿನ ದಿನದ ಪರೀಕ್ಷೆಯಲ್ಲಿ ಮಾವೇಲಿ ಮದುವೆಯ ದಿಬ್ಬಣದಂತೆ ಗಂಭೀರವಾಗಿ ಇಳಿಜಾರು ಹತ್ತಿ ಇಳಿಯಿತು. ದಿನಕರ ಅಂದು ಎರಡು ಸಲ ಊಟ ಮಾಡಿದ.

ಮರುದಿನ, ಹಬ್ಬದ ಮುಖ್ಯ ದಿನವಾದ ತಿರುವೋಣದ ಬೆಳಿಗ್ಗೆ ಅಂಗಳದಲ್ಲಿ ಚೆಂಡೆ, ಪೂಕಳ, ಜರಿಯಂಚಿನ ಕಸವು ಸೀರೆಗಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಜೋಸೆಫ್. ಕೆಳಗೆ ದಿನಕರ ರಿಮೋಟ್ ಒತ್ತಿದ. ಮಾವೇಲಿ ಹೊರಟಿತು, ಅರ್ಧ ಹತ್ತಿತು, ಏದುಸಿರು ಬಿಟ್ಟಿತು, ಟಪ್ ಎಂದು ಫ್ಯೂಸು ಹೋಯಿತು. ಅಂಗಳದಲ್ಲಿ ಕುಳಿತವರಿಗೆ ಕಂಡದ್ದು ಕೊಡೆಯ ತುದಿ ಮಾತ್ರ.

ಬೇರೆ ಫ್ಯೂಸು ಹಾಕಿದ. ಅದೂ ಟಪ್. ಬ್ಯಾಟರಿ ನೋಡೋಣವೆಂದು ಹೊಟ್ಟೆಯ ಬಾಗಿಲು ತೆಗೆದರೆ ಒಳಗಿನಿಂದ ಬಾಳೆಕಾಯಿ ಚಿಪ್ಸ್, ಇಲ್ಲಿಯವರ ಉಪ್ಪೇರಿಯ, ಪೊಟ್ಟಣಗಳು ದಬದಬ ಉರುಳಿದವು. ಅವುಗಳ ಹಿಂದೆ ಬಾಳೆಕಾಯಿಗೇ ಬೆಲ್ಲ ಹೊದಿಸಿದ ಶರ್ಕರವರಟ್ಟಿ. ಅದರ ಹಿಂದೆ ಮತ್ತೂ ಉಪ್ಪೇರಿ. ಕೇರಳದ ಬಾಳೆತೋಟವೆಲ್ಲ ಆ ಬುಟ್ಟಿಯೊಳಗೇ ಇತ್ತು.

"ಯಾರು ತುಂಬಿಸಿದ್ದು ಇದನ್ನು?"

"ನಾನೇ ಸಾರೇ," ಎಂದಳು ಅಸೋಸಿಯೇಷನ್ ಸೆಕ್ರೆಟರಿ ಸುಮಯ್ಯಾ, ಹೆಮ್ಮೆಯಿಂದ. "ನೀವು ಸ್ನಾನಕ್ಕೆ ಹೋಗಿದ್ರಿ. ಎಲ್ಲ ಮನೆಗೂ ಮಾವೇಲಿಯ ಕೈಯಿಂದಲೇ ಕೊಡಿಸೋಣ ಅಂತ."

"ಖಾಲಿ ಹೊಟ್ಟೆಗೆ ಲೆಕ್ಕ ಹಾಕಿದ್ದಲ್ವಾ ನಾನು!"

"ಅಯ್ಯೋ, ಖಾಲಿ ಹೊಟ್ಟೆಯ ಮಾವೇಲಿಯಾ? ಅಂಥವನನ್ನು ಎಲ್ಲಿ ನೋಡಿದ್ರಿ ಸಾರ್?"

ಪುತ್ತೂರಿನ ಅಂಗಳದಲ್ಲಿ ಎಂಬ ಉತ್ತರವನ್ನು ನುಂಗಿಕೊಂಡು ದಿನಕರ ಪೊಟ್ಟಣ ಹೆಕ್ಕತೊಡಗಿದ.

ಅಷ್ಟರಲ್ಲಿ ಕೆಳಗೆ ಕಾರುಗಳ ಸಾಲು ಬೆಳೆದಿತ್ತು. ಅತ್ತೆಮನೆಯ ಓಣಂ ಊಟಕ್ಕೆ ಹೊರಟ ಅಳಿಯಂದಿರೆಲ್ಲ ಹಾರ್ನ್ ಒತ್ತಿದರು. ಅಷ್ಟು ದೂರದ ಎಡಪ್ಪಳ್ಳಿ ಜಂಕ್ಷನ್ನಿನ ಟ್ರಾಫಿಕ್ ಪೊಲೀಸರು ಬೆಚ್ಚಿ ಕೈ ತೋರಿಸಿರಬೇಕು. ಹತ್ತು ಜನ ಸೇರಿ ತಳ್ಳಿದರು, ಎಳೆದರು. ವರ್ಮ್ ಗೇರು ಹಲ್ಲು ಕಚ್ಚಿ ಕೂತಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ.

ಕುಸುಮಾವತಿ ಸೆರಗು ಸಿಕ್ಕಿಸಿಕೊಂಡು ಬಂದು ನೋಡಿದಳು. "ಅಂತೂ ನಮ್ಮೂರ ಬಲೀಂದ್ರನನ್ನೇ ಮಾಡಿದಿರಿ. ನೆಟ್ಟಲ್ಲಿಂದ ಕದಲುವುದಿಲ್ಲ."

"ನೀನೊಬ್ಬಳು ಬಾಕಿ ಇದ್ದಿ."

"ಬೈಯುವುದು ಆಮೇಲೆ. ಮೊದಲು ಹೊಟ್ಟೆ ಖಾಲಿ ಮಾಡಿ."

ಸುಮಯ್ಯಾ ಅಲ್ಲೇ ನಿಂತು ಪೊಟ್ಟಣ ಹಂಚತೊಡಗಿದಳು. ಅಂಗಳದವರು ಇಳಿದು ಬಂದರು, ಕಾರಿನವರು ಹತ್ತಿ ಬಂದರು. ಪ್ರಜೆಗಳನ್ನು ನೋಡಲು ಬರಬೇಕಾದ ದೊರೆಯ ಮುಂದೆ ಪ್ರಜೆಗಳೇ ಸಾಲು ನಿಂತು, ಉಪ್ಪೇರಿ ಕುರುಕುತ್ತ, ದಿನಕರನನ್ನು ನೋಡಿ ನಗುತ್ತ ಚದುರಿದರು. ಅಳಿಯಂದಿರು ಶಾಪ ಹಾಕುತ್ತ ಮೆಟ್ರೋ ಕಡೆ ನಡೆದರು. ಉಳಿದವರ ಮನೆಗಳಲ್ಲಿ ಎಲೆ ಹಾಕಿಯಾಗಿತ್ತು. ಸಾಂಬಾರಿನ ಪರಿಮಳ ಎಲ್ಲರನ್ನೂ ಲಿಫ್ಟಿಗೆ ಎಳೆದುಕೊಂಡು ಹೋಯಿತು.

ದಿನಕರ ಇದ್ದ ಕೊನೆಯ ಫ್ಯೂಸು ಹಾಕಿ ರಿಮೋಟ್ ಒತ್ತಿದ. ಖಾಲಿ ಹೊಟ್ಟೆಯ ಮಾವೇಲಿ ಏನೂ ಆಗಿಲ್ಲವೆಂಬಂತೆ, ಲೆಕ್ಕದಲ್ಲಿ ಬರೆದಷ್ಟೇ ವೇಗದಲ್ಲಿ, ಇಳಿಜಾರು ಹತ್ತಿ ಪೂಕಳದ ಪಕ್ಕ ನಿಂತಿತು. ಕೈ ಎತ್ತಿತು. "ನನ್ನ ಪ್ರೀತಿಯ ಪ್ರಜೆಗಳೇ," ಎಂದು ಧ್ವನಿಪೆಟ್ಟಿಗೆಯಿಂದ ಮಲಯಾಳದಲ್ಲಿ ಗುಡುಗಿತು. ಎದುರಿಗಿದ್ದದ್ದು ಖಾಲಿ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ನಡುವೆ ಜೋಸೆಫ್.

"ಬಂತಲ್ಲ ಚೇಟ್ಟಾ," ಎಂದ ದಿನಕರ.

"ಬಂತು. ಎಲ್ಲರ ಕಣ್ಣೆದುರು ಅಂದಿದ್ದೆ ನಾನು."

ಜೋಸೆಫ್ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ. ಕುಂಟುತ್ತ ಬಂದು ರೋಬೋದ ತಲೆಯಿಂದ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮುಂದಿನ ವರ್ಷ ಇದು ನನ್ನ ಹತ್ತಿರವೇ ಇರಲಿ ಸಾರೇ. ಮೊಣಕಾಲು ಹಾಳಾದರೂ, ನನ್ನ ಹೊಟ್ಟೆ ಎಷ್ಟು ಭಾರ ಅಂತ ಅದಕ್ಕೆ ಗೊತ್ತುಂಟು."