ಕೊನೆಯವರ ಪ್ರೋಗ್ರಾಂ ಓಡುವ ತನಕ

ಲ್ಯಾಬಿನ ಮೇಡಂ ಅವರ ಎರಡೂ ಅಂಗೈಗಳಲ್ಲಿ ಹಗ್ಗ ಉಜ್ಜಿ ಉಳಿದ ಅಡ್ಡಗೆರೆಗಳಿದ್ದವು. ಉಚ್ಚಿಲದ ಕಡಲ ಬದಿಯಲ್ಲಿ ಹುಟ್ಟಿದವರು; ಓದುವ ದಿನಗಳಲ್ಲೂ ಬೆಳಿಗ್ಗೆ ಮನೆಯವರ ಜೊತೆ ದಡದಲ್ಲಿ ನಿಂತು, ಎರಡು ತುದಿಗೂ ಹಗ್ಗವಿರುವ ಕೈರಂಪಣಿ ಬಲೆ ಎಳೆದವರು. ಮಣಿಪಾಲದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರಿನ ಜಾವಾ ಲ್ಯಾಬ್ ಅವರದು. ಕೆಲಸ ಮಾತ್ರ ವರ್ಷ ವರ್ಷದ ಗುತ್ತಿಗೆ.

ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳ ಪಾಠ ಶುರುವಾದದ್ದು ಒಂದು ಮಂಗಳವಾರ, ನನ್ನ ಡೈರಿಯಲ್ಲಿದೆ. ಎರಡು ಥ್ರೆಡ್ ಮಾಡಿ, ಸಾವಿರದವರೆಗೆ ಒಂದು ಬೆಸ, ಇನ್ನೊಂದು ಸಮ ಸಂಖ್ಯೆಗಳನ್ನು ಬರೆಯಬೇಕಿತ್ತು. ನನ್ನದರಲ್ಲಿ ಮೊದಲು ಬೆಸ ಎಲ್ಲ, ಆಮೇಲೆ ಸಮ ಎಲ್ಲ ಸಾಲಾಗಿ ಬಂತು. ಹೆಮ್ಮೆಯಿಂದ ತೋರಿಸಿದೆ.

"ಇಷ್ಟು ಚಂದ ಬಂದದ್ದೇ ಸಂಶಯ ಮಾರಾಯ್ತಿ," ಎಂದು ಬಗ್ಗಿ ನೋಡಿದರು. "ನೀನು ರನ್ ಅಂತ ಕರೆದಿದ್ದಿ. ಅಂದರೆ ಎರಡೂ ಹಗ್ಗ ನೀನೊಬ್ಬಳೇ ಎಳೆದದ್ದು, ಒಂದಾದ ಮೇಲೆ ಒಂದು. ಸ್ಟಾರ್ಟ್ ಅಂತ ಕರೆ. ಆಗ ಅವರವರ ಹಗ್ಗ ಅವರವರು ಎಳೀತಾರೆ."

ಹಾಗೆ ಮಾಡಿದೆ. ಸಂಖ್ಯೆಗಳು ಬೆರಕೆಯಾದವು. ಕೊನೆಗೆ ಬರಬೇಕಿದ್ದ "ಮುಗಿಯಿತು" ಮೊದಲೇ ಬಂತು.

"ಇದೆಂತ ಮೇಡಂ, ಗಲೀಜು!"

"ಗಲೀಜಲ್ಲ, ಕೆಲಸ ನಡೀತಾ ಉಂಟು. ಮುಗಿಯಿತು ಅನ್ನಲಿಕ್ಕೆ ನಿನಗೆಂತ ಅರ್ಜೆಂಟು? ಎರಡಕ್ಕೂ ಜಾಯಿನ್ ಹಾಕು. ಅವು ಮುಗಿಸುವ ತನಕ ಮೈನ್, ಅಂದರೆ ಮುಖ್ಯ ಎಳೆ, ಕಾಯ್ತದೆ."

ಅವರ ಲ್ಯಾಬಿನ ಕ್ರಮವೂ ಅದೇ. ಕೊನೆಯವರ ಪ್ರೋಗ್ರಾಂ ಓಡುವ ತನಕ ಯಾರೂ ಏಳುವಂತಿಲ್ಲ. ಮುಗಿಸಿದವರು ಮುಗಿಸದವರ ಪಕ್ಕ ಕೂರಬೇಕು. ಹೀಗಾಗಿ ನನಗೆ ಕಾಪುವಿನ ಬಸ್ಸು ತಪ್ಪುತ್ತಿತ್ತು, ಮುಂದಿನದರಲ್ಲಿ ನಿಂತೇ ಹೋಗಬೇಕಿತ್ತು. ಹದಿನಾಲ್ಕು ಲ್ಯಾಬಿನಲ್ಲಿ ಹನ್ನೊಂದು ಸಲ. ದಿನಾಂಕ, ಎಷ್ಟು ನಿಮಿಷ ತಡ, ಎಲ್ಲವನ್ನೂ ಗೆರೆ ಹಾಕಿ ಬರೆದಿಟ್ಟೆ. ಸೆಮಿಸ್ಟರ್ ಕೊನೆಗೆ ಕಾಲೇಜಿನವರು ಅಧ್ಯಾಪಕರ ಬಗ್ಗೆ ಅಭಿಪ್ರಾಯ ಕೇಳಿದಾಗ ಆ ಪಟ್ಟಿಯನ್ನೇ ಲಗತ್ತಿಸಿದೆ. ಆ ಹನ್ನೊಂದರಲ್ಲಿ ನಾಲ್ಕು ದಿನ ಎಲ್ಲರೂ ಕಾದದ್ದು ನನ್ನ ಪ್ರೋಗ್ರಾಂ ಓಡಲಿ ಎಂದು. ಅದನ್ನು ನಾನು ಬರೆದಿರಲಿಲ್ಲ.

ಮೇಡಂ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಕಾಲೇಜಿನವರು ನನ್ನ ಪಟ್ಟಿ ತೋರಿಸಿಯೇ ಅವರಿಗೆ ಹೇಳಿದರಂತೆ. ಹೊರಡುವ ದಿನ ಮೆಟ್ಟಿಲ ಬಳಿ ಸಿಕ್ಕರು.

"ಅಕ್ಷರ ನಿನ್ನದೇ ಅಲ್ವಾ? ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಬಸ್ಸಿನ ವಿಷಯ ನನ್ನ ಹತ್ರವೇ ಹೇಳಬಹುದಿತ್ತಲ್ಲ ಮಾರಾಯ್ತಿ."

ನಾನು ಬ್ಯಾಗಿನ ಜಿಪ್ ಎಳೆಯುತ್ತ ನಿಂತೆ.

ಈಗ ಕಾರ್ಕಳದಲ್ಲಿ ನಾನೂ ಜಾವಾ ಲ್ಯಾಬ್ ನಡೆಸುತ್ತೇನೆ. ಸ್ಟಾರ್ಟ್ ಬದಲು ರನ್ ಎಂದು ಕರೆದವರು ಈ ವರ್ಷ ಇಪ್ಪತ್ತಮೂರು ಮಂದಿ. ಎಲ್ಲರಿಗೂ ಹಗ್ಗದ ಮಾತನ್ನೇ ಹೇಳುತ್ತೇನೆ. ಅದು ಯಾರ ಮಾತೆಂದು ಹೇಳುವುದಿಲ್ಲ. ಉಚ್ಚಿಲಕ್ಕೆ ಹೋಗಿ ಕ್ಷಮೆ ಕೇಳಬೇಕೆಂದು ಆರು ಭಾನುವಾರಗಳನ್ನು ಗುರುತು ಮಾಡಿ, ಆರನ್ನೂ ಮುಂದಕ್ಕೆ ಹಾಕಿದೆ. ಏಳನೆಯದಕ್ಕೆ ಹೋದದ್ದು, ಅವರು ತೀರಿಕೊಂಡರೆಂದು ಕೇಳಿ.

ಮಣಿಪಾಲದಲ್ಲಿ ಅವರ ವಿದ್ಯಾರ್ಥಿನಿ ಎಂದಾಗ ಅಂಗಳದಲ್ಲಿ ಅವರ ಅಕ್ಕ ಕುರ್ಚಿ ಕೊಟ್ಟರು.

"ಅವಳಿಗೆ ಮಣಿಪಾಲದ ಮಕ್ಕಳೆಂದರೆ ಜೀವ. ಆ ಕೆಲಸ ಯಾಕೆ ಹೋಯಿತೋ, ಎಷ್ಟು ಕೇಳಿದರೂ ಹೇಳಲಿಲ್ಲ. ನಿಮಗೆ ಎಂತಾದರೂ ಗೊತ್ತುಂಟಾ?"

"ಇಲ್ಲ," ಎಂದೆ.