ಮೊಮ್ಮಗನ ಸ್ನಾನಕ್ಕೆ ಅಳಿಯನ ಕಾವಲು

ನಮ್ಮ ಮನೆತನದಲ್ಲಿ ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ದೀಕ್ಷಾಸ್ನಾನ ಆಗಿಬಿಡಬೇಕು. ನಾವು ಲೂಥರನ್ ಪಂಗಡದ ಕ್ರೈಸ್ತರು. ಸಭಾಪಾಲಕರು ಮಗುವಿನ ತಲೆಗೆ ಮೂರು ಸಲ ನೀರು ಹಾಕುತ್ತಾರೆ, ಮಗು ಕಿರುಚುತ್ತದೆ, ಎಲ್ಲರೂ ಮನೆಗೆ ಬಂದು ಬಿರಿಯಾನಿ ಉಣ್ಣುತ್ತಾರೆ. ಮಗುವಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಮಿಷನ್ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಪ್ರಾರ್ಥಿಸಿ ಬೆಳೆದ ನನ್ನನ್ನೂ ಯಾರೂ ಏನೂ ಕೇಳಿರಲಿಲ್ಲ. ನನಗೇನೂ ನಷ್ಟವಾಗಿಲ್ಲ.

ಹೀಗಾಗಿ ಬಾಣಂತನಕ್ಕೆಂದು ಜಯನಗರದ ನಮ್ಮ ಮನೆಗೆ ಬಂದ ಮಗಳಿಗೆ ಗಂಡುಮಗುವಾದ ವಾರದಲ್ಲೇ ಸಭಾಪಾಲಕರಿಗೆ ಫೋನ್ ಮಾಡಿ ಒಂದು ಭಾನುವಾರ ಗೊತ್ತುಮಾಡಿದೆ. ಬಿರಿಯಾನಿಯವನಿಗೂ ಹೇಳಿದೆ. ಅಳಿಯನಿಗೆ ಹೇಳುವುದು ಮಾತ್ರ ಉಳಿದಿತ್ತು.

ಅಳಿಯ ಬಿಟಿಎಂ ಲೇಔಟಿನ ಒಂದು ಇವ್ಯಾಂಜೆಲಿಕಲ್ ಸಭೆಯವನು. ಜಿಮ್ಮಿನ ಮೇಲಿನ ಮಹಡಿಯ ಹಾಲಿನಲ್ಲಿ ಅವರ ಆರಾಧನೆ. ಡ್ರಮ್ಮು, ಗಿಟಾರು, ಪ್ರೊಜೆಕ್ಟರು. ಪಾಸ್ಟರ ಪ್ರಸಂಗದ ನಡುವೆ ಕೆಳಗೆ ಯಾರಾದರೂ ಡಂಬೆಲ್ ಬೀಳಿಸಿದರೆ ಅದಕ್ಕೂ ‘ಆಮೆನ್’ ಅನ್ನುತ್ತಾರೆ. ಅವರಲ್ಲಿ ಕೂಸುಗಳಿಗೆ ನೀರು ಹಾಕುವ ಪದ್ಧತಿಯಿಲ್ಲ. ಬುದ್ಧಿ ಬಂದು, ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿದವರನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ.

“ಅತ್ತೆ, ಮೊದ್ಲು ನಂಬಿಕೆ, ಆಮೇಲೆ ನೀರು. ದೊಡ್ಡೋನಾದ್ಮೇಲೆ ಅವನೇ ಕೇಳ್ಲಿ” ಎಂದ ಅಳಿಯ.

“ಪೋಲಿಯೋ ಡ್ರಾಪ್ಸ್ ಹಾಕಿಸೋವಾಗ ಅವನನ್ನ ಕೇಳಿದ್ರಾ?”

“ಅದು ಬೇರೆ ಅತ್ತೆ.”

“ಹುಟ್ಟೋದಕ್ಕೆ ಒಪ್ಪಿಗೆ ತಗೊಂಡಿದ್ರಾ?”

ಅವನು ನಗಲಿಲ್ಲ. “ನನಗೂ ಮಗುವಾಗಿದ್ದಾಗ ನೀರು ಹಾಕಿದ್ರು. ಆಲ್ಬಮ್ಮಲ್ಲಿ ಫೋಟೋ ಇದೆ. ಇಪ್ಪತ್ತೆರಡು ವರ್ಷ ನನ್ನ ಪಾಲಿಗೆ ಅದು ಬರೀ ಫೋಟೋ. ನನ್ನ ಮಗನಿಗೆ ಹಾಗಾಗಬಾರ್ದು.”

“ದೇವರು ಕೊಡೋದನ್ನ ತಗೊಳ್ಳೋಕೆ ಬುದ್ಧಿ ಯಾಕ್ರೀ ಬೇಕು? ಬುದ್ಧಿ ಇರೋರೇ ಬೇಡ ಅನ್ನೋದು” ಎಂದೆ.

ಒಳಗಿನಿಂದ ಮಗಳ ದನಿ ಬಂತು: “ಮೆಲ್ಲಗೆ ಕಿತ್ತಾಡಿ. ಈಗಷ್ಟೇ ಮಲಗಿದ್ದಾನೆ. ಎದ್ರೆ ನಿಮ್ಮಿಬ್ಬರಲ್ಲೇ ಒಬ್ರು ಎತ್ಕೋಬೇಕು, ನಾನು ಬರಲ್ಲ.”

ಸಭಾಪಾಲಕರಿಗೆ ಸದ್ಯಕ್ಕೆ ಬೇಡವೆಂದೆ. ಬಿರಿಯಾನಿ ಬೇಡವೆನ್ನಲು ಯಜಮಾನರು ಬಿಡಲಿಲ್ಲ. ಆದರೆ ನಾನು ಕೈಬಿಟ್ಟಿರಲಿಲ್ಲ. ಐದನೆಯ ತಿಂಗಳಿಗೆ ಮಗಳು ಗಂಡನ ಮನೆಗೆ ಹೊರಡುವವಳು. ಅಷ್ಟರೊಳಗೆ ಅಳಿಯನನ್ನು ಒಪ್ಪಿಸಿ ಮೊಮ್ಮಗನ ತಲೆಗೆ ನೀರು ಹಾಕಿಸಲೇಬೇಕೆಂದು ನಿಶ್ಚಯಿಸಿದ್ದೆ.

ಇದನ್ನು ಕೆಡಿಸಿದವರು ಯಜಮಾನರು. ಆ ಭಾನುವಾರ ಬಿರಿಯಾನಿ ತಿನ್ನುತ್ತಾ ಅಳಿಯನಿಗೆ ಹೇಳಿದರು: “ಅಳಿಯಂದ್ರೇ, ತುರ್ತು ಅಂದ್ರೆ ನಮ್ಮಲ್ಲಿ ಪಾಸ್ಟರೇ ಬೇಕು ಅಂತಿಲ್ಲ. ಯಾರು ಬೇಕಾದ್ರೂ ದೀಕ್ಷಾಸ್ನಾನ ಕೊಡಬಹುದು. ಒಂದು ಚೊಂಬು ನೀರು, ತಂದೆ, ಮಗ, ಪವಿತ್ರಾತ್ಮನ ಹೆಸರು, ಮುಗೀತು. ದಿನಾ ಬೆಳಿಗ್ಗೆ ನಿಮ್ಮ ಮಗನ ತಲೆ ಮೇಲೆ ಚೊಂಬು ಹಿಡಿಯೋರು ಯಾರು, ಸ್ವಲ್ಪ ಯೋಚ್ನೆ ಮಾಡಿ.”

ಅಳಿಯನ ಕೈಯಲ್ಲಿದ್ದ ಮೂಳೆ ತಟ್ಟೆಗೆ ಬಿತ್ತು.

ಮಾರನೆಯ ದಿನವೇ ಅವನು ಮನೆಯಿಂದಲೇ ಆಫೀಸು ಕೆಲಸವೆಂದು ಲ್ಯಾಪ್‌ಟಾಪ್ ಸಮೇತ ಬಂದಿಳಿದ. ನಾನು ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ಹಚ್ಚತೊಡಗಿದರೆ, ಬಾಗಿಲಲ್ಲಿ ಅಳಿಯ. ಕಿವಿಯಲ್ಲಿ ಆಫೀಸಿನ ಮೀಟಿಂಗು, ಕಣ್ಣು ನನ್ನ ತುಟಿಯ ಮೇಲೆ. ನಾನು ಏನನ್ನಾದರೂ ಗುನುಗಿದರೆ ಅವನ ಕುತ್ತಿಗೆ ಮುಂದೆ ಬರುತ್ತಿತ್ತು.

“ಏನಂದ್ರಿ ಅತ್ತೆ?”

“ಕಡ್ಲೆಹಿಟ್ಟು ಎಲ್ಲಿ ಅಂದೆ.”

ಮೂರನೆಯ ದಿನ ನನಗೆ ಸಾಕಾಯಿತು. “ಸುಮ್ನೆ ಕಂಬದ ಹಾಗೆ ನಿಂತು ಏನ್ಮಾಡ್ತೀರಿ? ಬಂದು ನೀರು ಹುಯ್ಯಿರಿ.”

ಪ್ಯಾಂಟು ಮಡಿಸಿಕೊಂಡು ಬಂದ. ಬೇಗ ಕಲಿತ. ಒಂದೇ ಒಂದು ವಿಚಿತ್ರವೆಂದರೆ, ಮೂರು ಚೊಂಬಿಗೆ ಎಂದೂ ನಿಲ್ಲಿಸುತ್ತಿರಲಿಲ್ಲ. ಮೂರಾದ ಕೂಡಲೇ ಗಡಿಬಿಡಿಯಲ್ಲಿ ನಾಲ್ಕನೆಯದನ್ನು ಹುಯ್ದುಬಿಡುತ್ತಿದ್ದ. ಕದ್ದು ದೀಕ್ಷೆ ಕೊಡುವ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ತುರ್ತಿದ್ದರೆ ಮಾತ್ರ ಎಂಬುದು ನಿಯಮ. ಮೊಮ್ಮಗನೋ ಕುಂಬಳಕಾಯಿಯ ಹಾಗೆ ದುಂಡಗಿದ್ದ. ಇದನ್ನು ಅಳಿಯನಿಗೆ ಹೇಳಲಿಲ್ಲ. ಪುಕ್ಕಟೆಯಾಗಿ ನೀರು ಹುಯ್ಯುವವನು ಸಿಕ್ಕಿದ್ದನ್ನು ಯಾರು ಕಳೆದುಕೊಳ್ಳುತ್ತಾರೆ?

ನಾಲ್ಕನೆಯ ತಿಂಗಳಲ್ಲಿ ಸ್ನಾನ ಮಾಡಿಸುವಾಗಲೇ ಮಗುವಿನ ತೊಡೆಸಂದಿಯಲ್ಲಿ ಒಂದು ಗಂಟು ಕಂಡಿತು. ಹರ್ನಿಯಾ ಎಂದರು ಡಾಕ್ಟರು. ಚಿಕ್ಕ ಆಪರೇಷನ್ನು, ಗಂಡುಕೂಸುಗಳಲ್ಲಿ ಸಾಮಾನ್ಯ, ತಡಮಾಡುವುದು ಬೇಡ ಎಂದರು. ಆ ವಾರವೇ ಜೆಪಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಬೆಳಗಿನಿಂದ ಮಗುವಿಗೆ ಹಾಲಿಲ್ಲ, ನೀರಿಲ್ಲ. ಅತ್ತು ಅತ್ತು ನನ್ನ ಭುಜದ ಮೇಲೆ ಸೋತು ಮಲಗಿತ್ತು. ಮಗಳು ಅಳು ತಡೆಯಲಾರದೆ ಅವಳಪ್ಪನ ಜೊತೆ ಹೊರಗೆ ಹೋಗಿದ್ದಳು. ಕೋಣೆಯಲ್ಲಿ ನಾನು, ಮಗು ಮತ್ತು ಅಳಿಯ.

“ಅತ್ತೆ” ಎಂದ.

“ಹೂಂ.”

“ಹೋದ ತಿಂಗಳು ನಾನು ಎರಡು ದಿನ ಚೆನ್ನೈಗೆ ಹೋಗಿದ್ನಲ್ಲ, ಆಗ ಸ್ನಾನ ಮಾಡಿಸಿದ್ದು ನೀವೊಬ್ರೇ ಅಲ್ವಾ? ಆಗೇನಾದ್ರೂ... ಹಾಕಿಬಿಟ್ರಾ?”

ಸಿಟ್ಟು ಬಂತು. ಬಾಯಿ ತೆರೆದು ಅವನ ಮುಖ ನೋಡಿದೆ. ಅದು ಆರೋಪವಲ್ಲ. ಹಾಕಿದೆ ಅನ್ನಿ ಅತ್ತೆ ಎಂದು ಬೇಡುತ್ತಿದ್ದ.

“ಇಲ್ಲ.”

“ನಿಜವಾಗ್ಲೂ?”

“ನಿಜವಾಗ್ಲೂ ಇಲ್ಲ.”

ಅವನು ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು ಮುಚ್ಚಳ ತಿರುಗಿಸಿದ. “ಈಗ ಹಾಕ್ತೀರಾ?”

ನಾಲ್ಕು ತಿಂಗಳಿಂದ ನಾನು ಕಾದದ್ದು ಇದನ್ನೇ. ಕೈ ಚಾಚಿದರೆ ಸಾಕಿತ್ತು. ಚಾಚಲಾಗಲಿಲ್ಲ.

“ಪಾಸ್ಟರಿಲ್ಲದೆ ಹಾಕೋದು ತುರ್ತಿದ್ರೆ ಮಾತ್ರ” ಎಂದೆ. “ಇದು ತುರ್ತು ಅಂತ ನಾನು ಒಪ್ಪಿದ್ರೆ, ಮಗೂಗೆ ಏನೋ ಆಗುತ್ತೆ ಅಂತ ಒಪ್ಪಿದ ಹಾಗೆ. ನಾನು ಒಪ್ಪಲ್ಲ. ಮುಚ್ಚಿ ಬಾಟ್ಲೀನ.”

ಅಷ್ಟರಲ್ಲಿ ನರ್ಸ್ ಬಂದಳು. “ಸಾರ್! ಪಾಪೂಗೆ ನೀರು ಕೊಡಬಾರ್ದು ಅಂತ ಎಷ್ಟು ಸಲ ಹೇಳೋದು?”

“ಕೊಡಲ್ಲ ಸಿಸ್ಟರ್” ಎಂದೆವು, ಇಬ್ಬರೂ ಒಟ್ಟಿಗೆ. ಆ ವಿಷಯದಲ್ಲಿ ನಮ್ಮ ಎರಡೂ ಪಂಗಡಗಳು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಅವಳು ಮಗುವನ್ನು ಎತ್ತಿಕೊಂಡು ಹೋದಳು. ಬಾಗಿಲು ಮುಚ್ಚಿದ ಮೇಲೆ ನನ್ನ ನಿಯಮ ನನಗೆ ಕಾಸಿನಷ್ಟೂ ಸಮಾಧಾನ ಕೊಡಲಿಲ್ಲ. ಅಳಿಯ ಬಾಟ್ಲಿಯ ನೀರನ್ನು ತಾನೇ ಕುಡಿದು ಮುಗಿಸಿದ.

ಎಲ್ಲ ಚೆನ್ನಾಗಿ ಆಯಿತು. ಡಾಕ್ಟರು ಬಂದು ‘ಮಗು ಆರಾಮಾಗಿದೆ’ ಎಂದರು. ಮಗು ಆರಾಮಾದ ಹಾಗೆ ಅಳಿಯನ ದೇವಶಾಸ್ತ್ರವೂ ಆರಾಮಾಯಿತು. ಸಂಜೆಯ ಹೊತ್ತಿಗೆ ಮತ್ತೆ “ಮೊದ್ಲು ನಂಬಿಕೆ ಅತ್ತೆ” ಎನ್ನುತ್ತಿದ್ದ. ವಿಷಯ ಕೇಳಿದ ಯಜಮಾನರು ಹಣೆ ಚಚ್ಚಿಕೊಂಡರು. “ಗೆದ್ದ ಮ್ಯಾಚನ್ನ ರೂಲ್ಸ್ ಹೇಳಿ ಬಿಟ್ಟುಕೊಟ್ಟೋಳು ನೀನೊಬ್ಬಳೇ ಕಣೇ.”

ಐದನೆಯ ತಿಂಗಳಲ್ಲಿ ಬಿಟಿಎಂ ಹಾಲಿನಲ್ಲಿ ಮಗುವನ್ನು ದೇವರಿಗೆ ಒಪ್ಪಿಸುವ ಸಮರ್ಪಣೆ ನಡೆಯಿತು. ಜೀನ್ಸ್ ತೊಟ್ಟ ಪಾಸ್ಟರು ಕೂಸನ್ನು ಎತ್ತಿ ಹಿಡಿದು ಚೆನ್ನಾಗಿಯೇ ಪ್ರಾರ್ಥಿಸಿದರು. ಒಂದು ತೊಟ್ಟು ನೀರಿಲ್ಲ. ಆಮೇಲೆ ನನ್ನ ಕೈಗೆ ಮೈಕು ಕೊಟ್ಟು, “ಸಿಸ್ಟರ್, ಅಜ್ಜಿಯಾಗಿ ನೀವೂ ಒಂದು ಪ್ರಾರ್ಥನೆ ಮಾಡಿ” ಎಂದರು.

“ಸ್ವಾಮೀ, ಇವನಿಗೆ ಬೇಗ ಬುದ್ಧಿ ಕೊಡು. ಇವರಪ್ಪನ ಹಾಗೆ ಇಪ್ಪತ್ತೆರಡು ವರ್ಷ ತಗೊಂಡ್ರೆ ನಾನಿರಲ್ಲ. ಆಮೆನ್.”

ಹಾಲೆಲ್ಲ ನಕ್ಕಿತು. ಡ್ರಮ್ಮಿನವನು ಒಂದು ಏಟು ಹೊಡೆದ.

ಮೆಟ್ಟಿಲಿಳಿಯುವಾಗ ಅಳಿಯನನ್ನು ಹಿಡಿದು ನಿಲ್ಲಿಸಿದೆ. “ನಿಮ್ಮಲ್ಲಿ ಎಷ್ಟು ವಯಸ್ಸಿಗೆ ಮುಳುಗಿಸ್ತಾರೆ?”

“ಹದಿನೈದು, ಹದಿನಾರು ಆಗ್ಬೇಕು ಅತ್ತೆ.”

“ನನಗೀಗ ಎಪ್ಪತ್ತೊಂದು. ಎಂಟಕ್ಕೆ ಮುಗಿಸಿ.”

“ಎಂಟಕ್ಕೆ ಏನ್ ಗೊತ್ತಾಗುತ್ತೆ? ಹದಿನಾಲ್ಕು.”

“ಹತ್ತು.”

“ಪಾಸ್ಟರ್ ಹತ್ರ ಹನ್ನೆರಡಕ್ಕೆ ಮಾತಾಡ್ತೀನಿ. ಅದಕ್ಕಿಂತ ಕಮ್ಮಿಗೆ ಬರಲ್ಲ ಅತ್ತೆ. ಅದೂ ಅವನು ಬೇಕು ಅಂದ್ರೆ.”

ಹನ್ನೆರಡೆಂದರೆ ನನಗೆ ಎಂಬತ್ತಮೂರು. ಮಾರನೆಯ ಬೆಳಿಗ್ಗೆಯಿಂದ ಯಡಿಯೂರು ಕೆರೆಯ ಸುತ್ತ ನಡೆಯಲು ಶುರುಮಾಡಿದ್ದೇನೆ. ಕಾಫಿಗೆ ಸಕ್ಕರೆ ನಿಲ್ಲಿಸಿದ್ದೇನೆ. ಆ ತೊಟ್ಟಿಯ ಪಕ್ಕ ಟವೆಲು ಹಿಡಿದು ನಿಲ್ಲುವಷ್ಟು ಮೊಣಕಾಲು ಗಟ್ಟಿಯಿದ್ದರೆ ಸಾಕು.